ಉದ್ದಣ್ಣನ ಇಂಗ್ಲಿಷು

ಅವನನ್ನು ಹೆಸರು ಹಿಡಿದು ಕರೆಯುವವರು ಎಲ್ಲೂ ಇರಲಿಲ್ಲ. ಯಾವ ಬಾಗಿಲಾದರೂ ತಲೆ ತಗ್ಗಿಸಿಯೇ ಒಳಗೆ ಬರಬೇಕಾದ ಆಳು. ಹಾಗಾಗಿ ಊರಿಗೆಲ್ಲ ಉದ್ದಣ್ಣ. ಅವನಿಗಿಂತ ಹಿರಿಯರೂ ಅಣ್ಣ ಎಂದೇ ಕರೆಯುತ್ತಿದ್ದರು. ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ಲಾಂಡ್ರಿಯಲ್ಲಿ ಅವನ ಕೆಲಸ. ಒಗೆದು ಹಿಂಡಿದ ಬೆಡ್‌ಶೀಟುಗಳು ಗಾಡಿಗಳಲ್ಲಿ ತುಂಬಿಕೊಂಡು ಇಸ್ತ್ರಿ ಯಂತ್ರದ ಮುಂದೆ ಬಂದು ನಿಲ್ಲುತ್ತಿದ್ದವು. ಆ ಯಂತ್ರಕ್ಕೆ ಮನುಷ್ಯನ ಸೊಂಟದಷ್ಟು ದಪ್ಪದ ಕಾದ ರೋಲರುಗಳು. ಒಂದು ಬದಿಯಿಂದ ಒದ್ದೆ ಶೀಟು ಒಳಗೆ ಕೊಟ್ಟರೆ ಇನ್ನೊಂದು ಬದಿಗೆ ಒಣಗಿ, ಹಪ್ಪಳದ ಹಾಗೆ ಗರಿಗರಿಯಾಗಿ ಬರುತ್ತಿತ್ತು. ಕೊಡುವವನು ಗುಂಗುರ. ಗುಂಗುರು ಕೂದಲಿನ, ಸದಾ ಏನಾದರೊಂದು ಗೊಣಗುತ್ತಲೇ ನಗುವ ಹುಡುಗಾಟದ ಗಂಡಸು, ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಆಚೆ ಬದಿಯಲ್ಲಿ ನಿಂತು ಶೀಟು ಹಿಡಿದುಕೊಳ್ಳುವವನು ಉದ್ದಣ್ಣ. ಅವನ ಕೈಯಿಂದ ಇಸಿದುಕೊಂಡು ಮಡಚುವವಳು ದೊಡ್ಡಕ್ಕ. ಅವಳ ಬಾಯಿಗೆ ಮಾಲೀಕನೂ ಹೆದರುತ್ತಿದ್ದ ಎಂದು ಮಾತಿತ್ತು. ಅದು ಅವಳೇ ಹಬ್ಬಿಸಿದ ಮಾತು.

ಹಬೆಯಲ್ಲಿ ನಿಂತೂ ನಿಂತೂ ಉದ್ದಣ್ಣನ ಎದೆ ಕೆಟ್ಟಿತ್ತು. ಮೆಟ್ಟಿಲು ಹತ್ತಿದರೆ ಸೀಟಿ ಹೊಡೆದ ಹಾಗೆ ಉಸಿರು. ಡಾಕ್ಟರು ಜಾಗ ಬದಲಾಯಿಸು ಎಂದರು, ಎಲ್ಲಿಗೆ ಎಂದು ಹೇಳಲಿಲ್ಲ. ಅಷ್ಟರಲ್ಲಿ ಮಾಲೀಕ ಒಂದು ದಿನ ಎಲ್ಲರನ್ನೂ ಕರೆದು, "ಹೋಟೆಲಿನವರು ಈಗೀಗ ಇಂಗ್ಲಿಷಲ್ಲೇ ಫೋನ್ ಮಾಡ್ತಾರೆ. ನಾಲ್ಕು ಮಾತು ಆಡಬಲ್ಲೋರು ಯಾರಾದ್ರೂ ಇದ್ರೆ ಮುಂದಿನ ಕೌಂಟರಿಗೆ ಹಾಕ್ತೀನಿ" ಎಂದ. ಮುಂದಿನ ಕೌಂಟರಿನಲ್ಲಿ ಫ್ಯಾನಿತ್ತು, ಕುರ್ಚಿಯಿತ್ತು, ರಸ್ತೆಯ ಗಾಳಿಯಿತ್ತು.

ಅವನ ಹೆಂಡತಿ ಒಂದು ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಅದೇ ಶಾಲೆಯಲ್ಲಿ ಸಂಜೆ ದೊಡ್ಡವರಿಗೆ ಇಂಗ್ಲಿಷ್ ಮಾತು ಕಲಿಸುತ್ತಾರೆ ಎಂದು ಅವಳೇ ಸುದ್ದಿ ತಂದಳು.

"ಈ ವಯಸ್ಸಲ್ಲಿ ನನಗ್ಯಾಕೆ?" ಎಂದ ಉದ್ದಣ್ಣ.

"ಈ ವಯಸ್ಸಲ್ಲಿ ಕೆಮ್ಮು ಬಂದಿಲ್ವಾ? ಹಾಗೇ ಇಂಗ್ಲಿಷೂ ಬರುತ್ತೆ, ಹೋಗ್ರೀ."

ಹೋದ. ಚಿಕ್ಕ ಮಕ್ಕಳ ಬೆಂಚುಗಳು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಒಬ್ಬ ಟ್ಯಾಕ್ಸಿ ಡ್ರೈವರು, ಬ್ಯೂಟಿ ಪಾರ್ಲರಿನ ಒಬ್ಬಳು ಹುಡುಗಿ, ನಿವೃತ್ತನಾದ ಒಬ್ಬ ಗುಮಾಸ್ತ, ಇನ್ನೂ ಕೆಲವರು. ಟೀಚರು ಗಿಡ್ಡಗಿನ ಹೆಂಗಸು, ಸೀಮೆಸುಣ್ಣದ ಪುಡಿಗೆ ಸೀನುತ್ತಲೇ ಪಾಠ ಮಾಡುವವರು. ಉದ್ದಣ್ಣನ ಸರದಿ ಬಂದಾಗಲೆಲ್ಲ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನಾಳೆಯಿಂದ ಬರುವುದು ಬೇಡ ಎಂದು ಅವನು ತೀರ್ಮಾನಿಸಿದ್ದ ದಿನವೇ ಟೀಚರು ಪುಸ್ತಕವನ್ನು ಪಟ್ಟೆಂದು ಮುಚ್ಚಿದರು.

"ವ್ಯಾಕರಣ ಅಂದ್ರೆ ನಿಮಗೂ ನಿದ್ದೆ, ನನಗೂ ನಿದ್ದೆ. ಇವತ್ತು ಒಂದು ಕೊಲೆ ಮಾಡೋಣ."

ಒಂದು ವಸತಿಗೃಹ, ಅದರ ಮೇಲಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ ಬೆಳಗ್ಗೆ ಸತ್ತು ಬಿದ್ದಿದ್ದಾನೆ, ಕಿಟಕಿ ತೆರೆದಿದೆ, ಕುರ್ಚಿ ಜಾಗದಲ್ಲಿಲ್ಲ. ಇಷ್ಟು ಕತೆ ಟೀಚರದು. ಮಿಕ್ಕಿದ್ದನ್ನು ಕ್ಲಾಸಿನವರು ಪ್ರಶ್ನೆ ಕೇಳಿ ಕೇಳಿ ಹೊರಡಿಸಬೇಕು, ಅದೂ ಇಂಗ್ಲಿಷಿನಲ್ಲೇ. ಗುಮಾಸ್ತ ಇನ್‌ಸ್ಪೆಕ್ಟರಾದ. ಪಾರ್ಲರಿನ ಹುಡುಗಿ ವಸತಿಗೃಹದ ಒಡತಿ, ಡ್ರೈವರು ಅಡುಗೆಯವನು. ಪಾತ್ರ ಹಂಚುತ್ತ ಹಂಚುತ್ತ ಟೀಚರು ಇವನ ಮುಂದೆ ಬಂದು ನಿಂತರು.

"ನಾನು ಹೆಣ ಆಗ್ತೀನಿ ಟೀಚರ್," ಎಂದ ಉದ್ದಣ್ಣ. "ಹೆಣಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲವಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಬೆಂಚುಗಳನ್ನು ಜೋಡಿಸಿ ಮಲಗಿಸಿದರು. ಪಾದಗಳೆರಡೂ ಆಚೆ ಗಾಳಿಯಲ್ಲಿ ಉಳಿದವು. "ಟೀಚರ್, ಈ ಹೆಣಕ್ಕೆ ಇನ್ನೊಂದು ಬೆಂಚು ಬೇಕು" ಎಂದ ಡ್ರೈವರು.

ಅಲ್ಲಿಂದ ಮುಂದೆ ಪ್ರತಿ ತರಗತಿಯಲ್ಲೂ ಉದ್ದಣ್ಣ ಕಣ್ಣು ಮುಚ್ಚಿ ಮಲಗಿದ. ಯಾರೂ ತನ್ನನ್ನು ಏನೂ ಕೇಳುವುದಿಲ್ಲ ಎಂಬ ಧೈರ್ಯ ಬಂದದ್ದೇ ಕಿವಿ ತೆರೆಯಿತು. ವಾಟ್ ಡಿಡ್ ಯೂ ಸೀ? ಹೂ ಮೂವ್ಡ್ ದ ಚೇರ್? ಅವೇ ಪ್ರಶ್ನೆಗಳು ಹತ್ತು ಬಾಯಿಗಳಿಂದ ಹತ್ತು ಥರ ಬಂದು ಅವನೊಳಗೆ ಇಳಿದು ಕೂತವು. ಗುಮಾಸ್ತ ಎಲ್ಲದಕ್ಕೂ 'ಈಸ್' ಹಾಕುತ್ತಿದ್ದ. ಟೀಚರಿಗೆ ಸಿಟ್ಟು ಬರುತ್ತಿತ್ತು. "ಈಸ್ ಈಗ ಇರೋದಕ್ಕೆ, ವಾಸ್ ಹೋಗಿಬಿಟ್ಟಿದ್ದಕ್ಕೆ. ಅಲ್ಲಿ ಮಲಗಿದಾರಲ್ಲ, ಅವರಿಗೆ ವಾಸ್ ಹಾಕ್ರಿ ಸ್ವಾಮಿ!"

ಮರುದಿನ ಯಂತ್ರದ ಗದ್ದಲದ ನಡುವೆ ಅವನು ಆಚೆ ಬದಿಯ ಗುಂಗುರನಿಗೆ ಕೂಗುವನು: "ವೇರ್ ವರ್ ಯೂ ಲಾಸ್ಟ್ ನೈಟ್?"

"ಹಾಗಂದ್ರೆ ಏನಣ್ಣ?"

"ನಿನ್ನೆ ರಾತ್ರಿ ಎಲ್ಲಿದ್ದೆ ಅಂತ!"

"ಹೆಂಡ್ತಿ ಪಕ್ಕ! ಇನ್ನೆಲ್ಲಿರ್ಲಿ?"

ದೊಡ್ಡಕ್ಕ ಮೂಗು ಮುರಿದು, "ಇಬ್ಬರಿಗೂ ನಾಚಿಕೆ ಇಲ್ಲ" ಎನ್ನುವಳು.

ಆ ಯಂತ್ರದ ಮುಂಭಾಗದಲ್ಲಿ, ರೋಲರುಗಳ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಇರಬೇಕಿತ್ತು. ಸೇಫ್ಟಿ ಬಾರು ಎನ್ನುತ್ತಿದ್ದರು. ಕೈ ಅದಕ್ಕೆ ತಾಗಿದರೆ ಸಾಕು, ರೋಲರು ನಿಂತುಬಿಡುತ್ತಿತ್ತು. ಆದರೆ ಒದ್ದೆ ಶೀಟು ತಾಗಿದರೂ ನಿಲ್ಲುತ್ತಿತ್ತು. ಹೊಸ ಹೋಟೆಲಿನ ಬಟ್ಟೆ ಬರತೊಡಗಿದ ಮೇಲೆ ಹೀಗೆ ನಿಂತು ನಿಂತು ಕೆಲಸ ಸಾಗದು ಎಂದು ಮಾಲೀಕ ಮೆಕ್ಯಾನಿಕ್ಕನ್ನು ಕರೆಸಿ ಅದನ್ನು ಬಿಚ್ಚಿಸಿ ಮೂಲೆಗೆ ಇಡಿಸಿದ್ದ. ಎಲ್ಲರೂ ನೋಡಿದ್ದರು. ದೊಡ್ಡಕ್ಕ ಒಬ್ಬಳು, "ಕೈ ಹೋದ್ರೆ ಯಾರು ಹೊಣೆ?" ಎಂದಿದ್ದಳು. ಮಾಲೀಕ ನಕ್ಕು, "ನಿನ್ನ ಬಾಯಿ ಹೋದ್ರೆ ಹೇಳು, ನಾನೇ ಹೊಣೆ" ಎಂದಿದ್ದ. ಅಲ್ಲಿಗೆ ಮಾತು ಮುಗಿದಿತ್ತು.

ಅದು ಬೆಳಗಿನ ಹೊತ್ತು. ಉದ್ದಣ್ಣ ಹಿಡಿದಿದ್ದ ಶೀಟು ಇದ್ದಕ್ಕಿದ್ದ ಹಾಗೆ ಸೊಟ್ಟಗಾಯಿತು. ಒಂದು ಅಂಚು ಬಂತು, ಇನ್ನೊಂದು ಬರಲಿಲ್ಲ. ಕೂಗು ಕೇಳಿಸಿದ್ದು ಆಮೇಲೆ. ಸ್ವಿಚ್ಚಿದ್ದದ್ದು ದೂರದ ಗೋಡೆಯಲ್ಲಿ. ಗಾಡಿಗಳನ್ನು ತಳ್ಳಿಕೊಂಡು, ಒದ್ದೆ ನೆಲದಲ್ಲಿ ಜಾರಿಕೊಂಡು ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಗುಂಗುರನ ತೋಳು ಭುಜದವರೆಗೆ ಒಳಗಿತ್ತು. ಯಂತ್ರ ನಿಂತ ಮೇಲೂ ರೋಲರು ತಣ್ಣಗಾಗಲಿಲ್ಲ. ಬಿಡಿಸುವಾಗ ಉದ್ದಣ್ಣನ ಅಂಗೈಗಳೆರಡೂ ಬೆಂದವು. ಅದು ಅವನಿಗೆ ಗೊತ್ತಾದದ್ದು ಸಂಜೆ, ಹೆಂಡತಿ ತಟ್ಟೆ ಕೈಗೆ ಕೊಟ್ಟಾಗ. ಗುಂಗುರ ಆಸ್ಪತ್ರೆಯಲ್ಲಿ ಕೆಲವು ದಿನ ಒದ್ದಾಡಿ ತೀರಿಕೊಂಡ. ಅವನು ಸಾಯುವ ಮೊದಲೇ ಸೇಫ್ಟಿ ಬಾರು ತನ್ನ ಜಾಗಕ್ಕೆ ಬಂದು ಕೂತಿತ್ತು, ಹೊಸದಾಗಿ ಹಳದಿ ಬಣ್ಣ ಬಳಿಸಿಕೊಂಡು.

ವಿಮಾ ಕಂಪನಿಯ ದೊಡ್ಡ ಕಚೇರಿಯಿಂದ ವಿಚಾರಣೆಗೆ ಬರುತ್ತಾರೆ ಎಂದು ತಿಳಿದಾಗ ಮಾಲೀಕ ಒಬ್ಬೊಬ್ಬರನ್ನೇ ಒಳಗೆ ಕರೆದ. ಉದ್ದಣ್ಣನಿಗೆ ಕುರ್ಚಿ ಕೊಟ್ಟ. ಹಿಂದೆಂದೂ ಕೊಟ್ಟಿರಲಿಲ್ಲ.

"ನೀನು ಆಚೆ ಬದಿ ಇದ್ದೋನು, ನಿನಗೇನೂ ಕಾಣಿಸಿಲ್ಲ. ಅಷ್ಟು ಹೇಳಿದ್ರೆ ಸಾಕು. ಅವನ ಕೈತಪ್ಪು ಅಂತ ಆದ್ರೆ ಕಂಪನಿಯೋರು ಏನಾದ್ರೂ ಕೊಟ್ಟು ಮುಗಿಸ್ತಾರೆ, ಆ ಹೆಣ್ಣುಮಗಳಿಗೂ ಸೇರುತ್ತೆ. ನಮ್ಮ ತಪ್ಪು ಅಂತ ಆದ್ರೆ ಅವರು ಕೈ ಎತ್ತುತ್ತಾರೆ. ಅವಳಿಗೂ ಇಲ್ಲ, ನನಗೂ ಇಲ್ಲ, ಲಾಂಡ್ರಿಗೆ ಬೀಗ. ನಿಮ್ಮೆಲ್ಲರ ಒಲೆ ಆರುತ್ತೆ. ಯೋಚನೆ ಮಾಡು." ಆಮೇಲೆ, "ಮುಂದಿನ ತಿಂಗಳಿಂದ ಕೌಂಟರ್ ನೋಡ್ಕೋ" ಎಂದ.

ಮನೆಯಲ್ಲಿ ಹೆಂಡತಿ ಅವನ ಅಂಗೈಗೆ ಮುಲಾಮು ಸವರುತ್ತಾ, "ಏನು ಹೇಳ್ತೀರಿ?" ಎಂದು ಕೇಳಿದಳು.

"ನೋಡಲಿಲ್ಲ ಅಂತೀನಿ."

ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು. ಹಾಗೆ ಹೇಳುವುದರಲ್ಲಿ ಅವನಿಗೆ ಅನುಮಾನವೇನೂ ಇರಲಿಲ್ಲ. ಸತ್ತವನಂತೂ ಬರುವುದಿಲ್ಲ, ಇದ್ದವರಿಗೆ ನಾಲ್ಕು ಕಾಸು ಸಿಗುವುದಾದರೆ ಯಾಕೆ ಕಲ್ಲು ಹಾಕಬೇಕು?

ಬಂದದ್ದು ಒಬ್ಬ ಹೆಂಗಸು. ಬೆಳ್ಳಗಿನ ಕತ್ತರಿಸಿದ ಕೂದಲು, ಸುಸ್ತಾದ ಮುಖ. ಅವರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವರ ಜೊತೆ ಬರಬೇಕಿದ್ದ ಭಾಷಾಂತರದವನು ಬಂದಿರಲಿಲ್ಲ. "ನಾನೇ ಹೇಳ್ತೀನಿ ಬಿಡಿ, ನಮ್ಮ ಹುಡುಗರೇ ತಾನೇ" ಎಂದು ಇಂಗ್ಲಿಷಿನಲ್ಲೇ ಹೇಳಿ ಮಾಲೀಕ ಮುಂದೆ ಬಂದ. ಮಡಚುವ ಮೇಜಿನ ಸುತ್ತ ಕೆಲಸದವರೆಲ್ಲ ನಿಂತರು. ಒಬ್ಬೊಬ್ಬರೂ ಕಲಿಸಿದಷ್ಟು ಒಪ್ಪಿಸಿ ಹಿಂದೆ ಸರಿದರು. ನೋಡಲಿಲ್ಲ, ಗೊತ್ತಿಲ್ಲ, ನಾನು ಹಿಂದೆ ಒಗೆಯುತ್ತಿದ್ದೆ.

ದೊಡ್ಡಕ್ಕನ ಸರದಿ ಬಂತು. ಅವಳೂ ಗೊತ್ತಿಲ್ಲ ಎನ್ನಬೇಕಿತ್ತು. ಬಾಯಿ ತೆರೆದವಳಿಗೆ ಏನಾಯಿತೋ, ಆ ಹೆಂಗಸಿನ ಕಡೆ ತಿರುಗಿ ಅತ್ತೇಬಿಟ್ಟಳು.

"ಏನು ಗೊತ್ತಿಲ್ಲ ಅನ್ಲಿ ತಾಯಿ? ಆ ಸರಳು ಬಿಚ್ಚಿ ಎಷ್ಟು ಕಾಲ ಆಗಿತ್ತು! ಅದೊಂದು ಇದ್ದಿದ್ರೆ ಮಗು ಉಳೀತಿತ್ತು. ನಾನು ಬಾಯಿ ಬಡ್ಕೊಂಡೆ, ಯಾರು ಕೇಳಿದ್ರು? ಈಗ ಬಣ್ಣ ಹಚ್ಚಿ ಕೂರಿಸಿದ್ದಾರೆ."

ಮಾಲೀಕನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅವನು ಆ ಹೆಂಗಸಿನ ಕಡೆ ತಿರುಗಿ ಮೆಲ್ಲಗೆ, ದುಃಖಪಡುವವನ ಹಾಗೆ ಹೇಳಿದ: "ಶಿ ಈಸ್ ವೆರಿ ಸ್ಯಾಡ್. ಶಿ ಸೇಸ್, ದ ಬಾರ್ ವಾಸ್ ದೇರ್. ಹಿ ವಾಸ್ ಟಾಕಿಂಗ್ ಆನ್ ದ ಫೋನ್."

ದೊಡ್ಡಕ್ಕ ಕಣ್ಣೊರೆಸಿಕೊಂಡು ಹೌದು ಹೌದು ಎಂದು ತಲೆಯಾಡಿಸಿದಳು. ತನ್ನ ಮಾತು ಮುಟ್ಟಿತು ಎಂದುಕೊಂಡಿದ್ದಳು ಪಾಪ. ಆ ಹೆಂಗಸು ಬರೆದುಕೊಂಡರು.

ವಾಸ್ ದೇರ್. ಇತ್ತು. ಆನ್ ದ ಫೋನ್. ಒಂದೊಂದು ಪದವೂ ಉದ್ದಣ್ಣನಿಗೆ ನೆಟ್ಟಗೆ ಅರ್ಥವಾಯಿತು, ಅರ್ಥವಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸುವಷ್ಟು. ಸುತ್ತ ನಿಂತವರ ಮುಖ ನೋಡಿದ. ಯಾರಿಗೂ ಏನೂ ಆಗಿರಲಿಲ್ಲ. ಇಷ್ಟು ಜನರಲ್ಲಿ ಆ ಸುಳ್ಳನ್ನು ಕೇಳಿಸಿಕೊಂಡವನು ತಾನೊಬ್ಬನೇ. ನೋಡಲಿಲ್ಲ ಎಂದು ಹೇಳುವುದಕ್ಕೆ ತಯಾರಾಗಿ ಬಂದಿದ್ದ. ಕೇಳಲಿಲ್ಲ ಎನ್ನುವುದಕ್ಕೆ ತಯಾರಾಗಿರಲಿಲ್ಲ.

ಆ ಹೆಂಗಸು ಅವನ ಕಡೆ ನೋಡಿ ಕೇಳಿದರು: "ವಾಟ್ ಡಿಡ್ ಯೂ ಸೀ?"

ಮಾಲೀಕ ಭಾಷಾಂತರಕ್ಕೆ ಬಾಯಿ ತೆರೆಯುವ ಮೊದಲೇ ಉದ್ದಣ್ಣನ ಗಂಟಲಿನಿಂದ ತನ್ನದಲ್ಲದ ಹಾಗೆ ಒಂದು ದನಿ ಹೊರಟಿತು.

"ಮೇಡಂ. ಶಿ ನಾಟ್ ಸೇ ಫೋನ್."

ಮಾಲೀಕ ನಕ್ಕು ಏನೋ ಹೇಳಹೊರಟ. ಆ ಹೆಂಗಸು ಕೈ ಅಡ್ಡ ಹಿಡಿದರು.

"ಶಿ ಸೇ, ಬಾರ್ ಈಸ್ ನಾಟ್," ಎಂದ ಉದ್ದಣ್ಣ. ಬೆವರು ಕಣ್ಣಿಗೆ ಇಳಿಯಿತು.

ಆ ಹೆಂಗಸು ಯಂತ್ರದ ಕಡೆ ನೋಡಿದರು. ಹಳದಿ ಸರಳು ಎದುರಿಗೇ ಹೊಳೆಯುತ್ತಿತ್ತು. "ಬಟ್ ಇಟ್ ಈಸ್ ದೇರ್," ಎಂದರು.

ತಪ್ಪು ಎಲ್ಲಾಯಿತು ಎಂದು ಅವನಿಗೆ ಹೊಳೆಯಿತು. "ವಾಸ್!" ಎಂದ, ಕೂಗಿದ ಹಾಗೆ. "ವಾಸ್ ನಾಟ್. ಮೆನಿ ಡೇಸ್, ವಾಸ್ ನಾಟ್. ಓನರ್ ಟುಕ್. ಹ್ಯಾಂಡ್ ವೆಂಟ್. ಆಫ್ಟರ್... ಆಫ್ಟರ್, ಬಾರ್ ಕೇಮ್. ಯೆಲ್ಲೋ ಕೇಮ್."

ಅವರು ಎದ್ದು ಹೋಗಿ ಸರಳಿನ ಮೇಲೆ ಬೆರಳು ಒತ್ತಿದರು. ಆ ಹಬೆಯಲ್ಲಿ ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಉಗುರಿನ ಗುರುತು ಮೂಡಿತು. ಬೇರೆ ಏನನ್ನೂ ಕೇಳದೆ, ಅವನಿಗೆ ಥ್ಯಾಂಕ್ ಯೂ ಎಂದು ಹೇಳಿ ಹೊರಟುಹೋದರು.

ಮಾಲೀಕ ರೇಗಲಿಲ್ಲ, ಬೈಯಲಿಲ್ಲ. ಮರುದಿನ ಗೇಟಿನವನು ಉದ್ದಣ್ಣನ ಮುಖ ನೋಡದೆ, "ಒಳಗೆ ಬಿಡಬೇಡ ಅಂದಿದ್ದಾರಣ್ಣ" ಎಂದ.

ಆಮೇಲೆ ನಡೆದದ್ದೆಲ್ಲ ಮಾಲೀಕ ಹೇಳಿದ ಹಾಗೆಯೇ ನಡೆಯಿತು. ಸೇಫ್ಟಿ ಬಾರಿಲ್ಲದ ಯಂತ್ರ ಓಡಿಸಿದ್ದರಿಂದ ಕಂಪನಿ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ ಎಂದು ಬರೆದು ಕೈ ತೊಳೆದುಕೊಂಡಿತು. ಹೋಟೆಲಿನವರು ಬಟ್ಟೆ ಕಳಿಸುವುದು ನಿಲ್ಲಿಸಿದರು. ಯಂತ್ರಗಳು ಒಂದೊಂದಾಗಿ ಲಾರಿ ಹತ್ತಿದವು. ಇಸ್ತ್ರಿ ಯಂತ್ರವನ್ನು ಮಾಲೀಕನ ಭಾವಮೈದುನ ಕೊಂಡನಂತೆ. ಲಾಂಡ್ರಿಗೆ ಬೀಗ ಬಿತ್ತು.

ದೊಡ್ಡಕ್ಕ ಒಂದು ಮಧ್ಯಾಹ್ನ ಅವನ ಮನೆ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ನಿನ್ನ ಇಂಗ್ಲಿಷಿಗೆ ಬೆಂಕಿ ಬೀಳ."

"ಅಕ್ಕ, ನೀನು ಹೇಳಿದ್ದನ್ನೇ ನಾನು ಹೇಳಿದೆ."

"ನಾನು ಹೇಳಿದ್ದೆ. ನಮ್ಮ ಮಾತಲ್ಲಿ ಹೇಳಿದ್ದೆ, ಅದು ಎಲ್ಲೂ ಮುಟ್ಟಲಿಲ್ಲ. ನನ್ನ ಹೊಟ್ಟೆ ತಣ್ಣಗಾಯ್ತು, ಕೆಲಸವೂ ಉಳೀತಿತ್ತು. ಮುಟ್ಟಿಸಿದೋನು ನೀನು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಈ ವಯಸ್ಸಲ್ಲಿ ನನ್ನನ್ನ ಯಾರು ಕರೀತಾರೋ?"

ಅವಳು ಹೋದ ಮೇಲೆ ಅವನ ಹೆಂಡತಿ, "ಬೈಕೊಳ್ಳಲಿ ಬಿಡಿ. ಅವಳಿಗೆ ನಿಮ್ಮನ್ನ ಬಿಟ್ಟು ಬೈಯೋಕೆ ಇನ್ಯಾರು ಸಿಗ್ತಾರೆ?" ಎಂದಳು.

ಸಂಜೆಯ ಕ್ಲಾಸಿಗೂ ಅವನು ಹೋಗಲಿಲ್ಲ. ಟೀಚರು ಅವನ ಹೆಂಡತಿಯ ಮೂಲಕ ಎಲ್ಲ ತಿಳಿದು ತಾವೇ ಬಂದರು. ಮಣೆಯ ಮೇಲೆ ಕೂತು, ನೀರು ಕುಡಿದು, ಲೋಟ ಕೆಳಗಿಟ್ಟರು. "ಆಟಕ್ಕೆ ಅಂತ ಕಲಿಸಿದೆ ನಾನು," ಎಂದರು. "ಆ ಕೊಲೆ ಕತೆ ಅರ್ಧಕ್ಕೇ ಬಿಟ್ಟೆ. ಈಗ ಮಾರ್ಕೆಟ್ಟು, ತರಕಾರಿ, ಬಸ್ಸಿನ ಟೈಮು ಅಂತ ಪಾಠ ಮಾಡ್ತಿದ್ದೀನಿ." ಉದ್ದಣ್ಣ, "ಅದೇ ಒಳ್ಳೇದು ಟೀಚರ್" ಎಂದ. ಅಷ್ಟರಲ್ಲಿ ಕೆಮ್ಮು ಬಂದದ್ದರಿಂದ ಮುಂದೆ ಮಾತಾಡಲಾಗಲಿಲ್ಲ.

ಗುಂಗುರನ ಮನೆಗೆ ಹೋಗಲು ಮಾತ್ರ ಅವನಿಗೆ ಕಾಲೇಳುತ್ತಿರಲಿಲ್ಲ. ಆ ಹೆಣ್ಣುಮಗಳ ಬಾಯಿಗೆ ಬರಬೇಕಿದ್ದ ತುತ್ತನ್ನು ತಾನೇ ಕಸಿದೆನೇನೋ ಎಂಬುದು ರಾತ್ರಿ ಹಗಲು ಕೊರೆಯುತ್ತಿತ್ತು. ಕೊನೆಗೆ ಹೆಂಡತಿಯೇ ಚಪ್ಪಲಿ ಹಾಕಿಕೊಂಡು ಹೊರಟು ನಿಂತಾಗ ಹಿಂದೆ ಹೋದ.

ಒಂದೇ ಕೋಣೆ. ಗುಂಗುರನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ಬಸುರಿ ಎಂದು ಆಗಷ್ಟೇ ಕಾಣುತ್ತಿತ್ತು. ಉದ್ದಣ್ಣ ಬಾಗಿಲಲ್ಲೇ ನಿಂತು, "ನನ್ನಿಂದ ನಿನಗೆ ಅನ್ಯಾಯ ಆಯ್ತು ತಂಗಿ" ಎಂದು ಶುರುಮಾಡಿದ. ಕಂಪನಿ, ಸರಳು, ಇಂಗ್ಲಿಷು ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು.

"ಅಣ್ಣ, ಅವರು ಫೋನಲ್ಲಿ ಮಾತಾಡ್ತಾ ಇರ್ಲಿಲ್ವಾ?"

"ಇಲ್ಲ. ಅದು ಸುಳ್ಳು."

"ಮಾಲೀಕರು ಆಸ್ಪತ್ರೆಯಲ್ಲೇ ಹೇಳಿದ್ರು. ಫೋನ್ ಎತ್ಕೊಂಡ, ಕೈ ಜಾರ್ತು ಅಂತ." ಅವಳ ದನಿ ಒಡೆಯಿತು. "ಆ ಹೊತ್ತಿಗೆ ಫೋನ್ ಮಾಡಿದೋಳು ನಾನೇ ಅಣ್ಣ. ಬರುವಾಗ ಸೋಪು ತನ್ನಿ ಅಂತ ಹೇಳೋಕೆ. ಸೋಪಿಗೋಸ್ಕರ ಗಂಡನ್ನ ಕೊಂದೆ ಅಂತ..."

ಉದ್ದಣ್ಣ ಅವಳೆದುರು ನೆಲದ ಮೇಲೆ ಕುಸಿದು ಕೂತ. "ಕೇಳಮ್ಮ ಇಲ್ಲಿ. ಆ ಬಿಸಿಯಲ್ಲಿ ನಾವು ಯಾರೂ ಅಂಗಿ ಹಾಕ್ಕೊಳ್ಳಲ್ಲ, ಬನಿಯನ್ನಲ್ಲೇ ಇರ್ತೀವಿ. ಅವನ ಅಂಗಿ ಹೊರಗೆ ಮೊಳೆಗೆ ನೇತಾಕಿತ್ತು. ಫೋನು ಅದರ ಜೇಬಲ್ಲಿತ್ತು. ನೀನು ಮಾಡಿದ್ದು ಅವನಿಗೆ ಕೇಳಿಸಲೇ ಇಲ್ಲ. ಆಂಬುಲೆನ್ಸ್ ಹೋದ ಮೇಲೆ ಆ ಅಂಗಿ, ಆ ಫೋನು ನಾನೇ ತಂದು ನಿನ್ನ ಮೈದುನನ ಕೈಗೆ ಕೊಟ್ಟೆ. ಕೇಳು ಬೇಕಾದ್ರೆ."

ಅವಳು ಯಾರನ್ನೂ ಕೇಳಹೋಗಲಿಲ್ಲ. ಉದ್ದಣ್ಣನ ಹೆಂಡತಿಯ ಮಡಿಲಿಗೆ ಮುಖ ಒತ್ತಿ ಅತ್ತಳು. ಗಂಡ ಸತ್ತ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು ಎಂದು ಆಮೇಲೆ ಅವಳ ಅತ್ತೆ ಹೇಳಿದಳು.

ಟೀಚರು ಹುಡುಕಿಕೊಟ್ಟ ಒಬ್ಬ ವಕೀಲೆ ಗುಂಗುರನ ಹೆಂಡತಿಯ ಪರವಾಗಿ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹಾಕಿದಳು. ಸಾಕ್ಷಿ ಉದ್ದಣ್ಣ. ಅಷ್ಟು ಹೊತ್ತಿಗೆ ಅವನಿಗೆ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಸಿಕ್ಕಿತ್ತು. ತಣ್ಣೀರು, ಎದೆಗೆ ಅದೂ ಒಳ್ಳೆಯದಲ್ಲ. ದಿನಾಂಕದ ಮೇಲೆ ದಿನಾಂಕ ಬಿತ್ತು. ಕೂಸು ಹುಟ್ಟಿತು, ನಡೆಯಲು ಕಲಿಯಿತು. ಒಂದು ದಿನ ಕೊನೆಗೂ ಅವನನ್ನು ಕಟಕಟೆಗೆ ಕರೆದರು. ಮಾಲೀಕನ ವಕೀಲ, "ನಿಮಗೆ ಇಂಗ್ಲಿಷ್ ಬರುತ್ತಂತಲ್ಲ?" ಎಂದು ಕೆಣಕಿ ಉದ್ದುದ್ದದ ವಾಕ್ಯಗಳಲ್ಲಿ ಏನೇನೋ ಕೇಳಿದ. ಉದ್ದಣ್ಣನಿಗೆ ಒಂದೂ ತಲೆಗೆ ಹತ್ತಲಿಲ್ಲ. ನ್ಯಾಯಾಧೀಶರು ಬೇಸರದಿಂದ, "ಅವರ ಮಾತಲ್ಲೇ ಹೇಳಲಿ ಬಿಡ್ರಿ" ಎಂದರು. ಆಗ ಹೇಳಿದ. ಸರಳು ಬಿಚ್ಚಿಸಿದ್ದು, ಶೀಟು ಸೊಟ್ಟಗಾದದ್ದು, ಸ್ವಿಚ್ಚು ದೂರ ಇದ್ದದ್ದು, ಗುಂಗುರ ತನ್ನ ಕಡೆ ನೋಡಿದ್ದು. ಯಾರೂ ನಡುವೆ ಬಾಯಿ ಹಾಕಲಿಲ್ಲ.

ತೀರ್ಪು ಅವಳ ಕಡೆಗಾಯಿತು. ತಪ್ಪು ಮಾಲೀಕನದೇ, ಪರಿಹಾರ ಕೊಡತಕ್ಕದ್ದು ಎಂದಾಯಿತು. ಆದರೆ ಮಾಲೀಕನ ಹೆಸರಿನಲ್ಲಿ ಆ ಹೊತ್ತಿಗೆ ಒಂದು ಕುರ್ಚಿಯೂ ಉಳಿದಿರಲಿಲ್ಲ. ಎಲ್ಲ ಹೆಂಡತಿಯದು, ಭಾವಮೈದುನನದು. "ಇನ್ನೊಂದು ಅರ್ಜಿ ಹಾಕಬೇಕು, ಸಮಯ ಹಿಡಿಯುತ್ತೆ," ಎಂದಳು ವಕೀಲೆ ಕೋರ್ಟಿನ ಮೆಟ್ಟಿಲ ಮೇಲೆ. ಗುಂಗುರನ ಹೆಂಡತಿ ತಲೆಯಾಡಿಸಿದಳು. ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅರ್ಧ ದಿನದ ರಜೆ ಕೇಳಿ, ಮಗುವನ್ನೂ ಕರೆದುಕೊಂಡು ಬಂದಿದ್ದಳು.

"ಅಣ್ಣ, ಹೊಟ್ಟೆ ಹಸೀತಿದೆ. ಏನಾದ್ರೂ ತಿನ್ನೋಣ," ಎಂದಳು.

ಎದುರಿನ ಕ್ಯಾಂಟೀನಿನಲ್ಲಿ ಮೂವರೂ ಕೂತು ತಿಂದರು. ಮಗು ಅವನ ಅಂಗೈಯ ನುಣುಪು ಕಲೆಗಳ ಮೇಲೆ ಬೆರಳಾಡಿಸಿ ಇದೇನು ಎಂದು ಕೇಳಿತು. "ಸುಟ್ಟಿದ್ದು," ಎಂದ ಉದ್ದಣ್ಣ. "ನೋವಾಗುತ್ತಾ?" "ಇಲ್ಲ ಕಣವ್ವ." ಆಮೇಲೆ ಮಗುವನ್ನೆತ್ತಿಕೊಂಡು ಅವಳು ಆಸ್ಪತ್ರೆಯ ಬಸ್ಸು ಹಿಡಿದಳು, ಇವನು ಡಿಪೋಗೆ ನಡೆದ. ದೂರದ ಊರಿನಿಂದ ಬಂದ ಬಸ್ಸೊಂದು ನಿಂತಿತ್ತು, ಹಿಂದಿನ ಸೀಟಿನಲ್ಲಿ ಯಾರೋ ವಾಂತಿ ಮಾಡಿಕೊಂಡಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ, ಬಕೆಟ್ಟು ಎತ್ತಿಕೊಂಡು ಅವನು ಒಳಗೆ ಹತ್ತಿದ.